ಗಂಡ ನೌಕಾಪಡೆಯ ಕೋರ್ಸಿಗೆ ಹೊರಟಾಗ ಸಂಸಾರವೂ ಹೊರಡಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಯಜಮಾನರು ಭಾರತೀಯ ನೌಕಾಪಡೆಯಲ್ಲಿ ನಾವಿಕರಾಗಿ ಸೇವೆ ಸಲ್ಲಿಸಿ ನಿವೃತ್ತರಾದವರು. ಆ ವರ್ಷಗಳಲ್ಲಿ ನಾನು ಎಂಟು ಸಲ ಸಂಸಾರ ಹೂಡಿ, ಎಂಟು ಸಲ ಗಂಟುಮೂಟೆ ಕಟ್ಟಿದ್ದೇನೆ. ಈಗ ಊರಿನಲ್ಲಿ ನೆಲೆಸಿರುವ ನನಗೆ ಹಾವೇರಿ, ಗದಗ, ಬೆಳಗಾವಿ, ಹಾಸನ, ಕೊಡಗಿನ ಕಡೆಯಿಂದ ನಾವಿಕರ ಹೆಂಡತಿಯರು, ಕೆಲವೊಮ್ಮೆ ಅವರ ತಂದೆತಾಯಿಯರು ಕರೆ ಮಾಡುತ್ತಾರೆ, ಪತ್ರ ಬರೆಯುತ್ತಾರೆ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಅವರಿಗೆ ಕೋರ್ಸ್ ಬಂದಿದೆ, ನಾನೂ ಮಕ್ಕಳೂ ಜೊತೆಗೆ ಹೋಗಬೇಕೋ, ಇಲ್ಲೇ ಇರಬೇಕೋ? ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು, ನನಗೆ ಖಚಿತವಾಗಿ ತಿಳಿದಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಹುಡುಗ ಅಗ್ನಿವೀರ್ ಅಂತೆ, ಟ್ರೈನಿಂಗ್‌ನಲ್ಲಿದ್ದಾನಂತೆ. ಈಗಲೇ ಮದುವೆ ಮಾಡಿ ಮಗಳನ್ನು ಅಲ್ಲಿಗೆ ಕಳಿಸಬಹುದಾ, ಅಮ್ಮಾ?

ಸಾಧ್ಯವಿಲ್ಲ, ಇದರಲ್ಲಿ ಎರಡನೆಯ ಮಾತೇ ಇಲ್ಲ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ನೌಕಾಪಡೆಗೆ ಸೇರುವವರು ಅವಿವಾಹಿತರಾಗಿರಬೇಕು, ಮತ್ತು ನಾಲ್ಕು ವರ್ಷಗಳ ಅವಧಿ ಮುಗಿಯುವವರೆಗೆ ಮದುವೆಯಾಗುವಂತಿಲ್ಲ. ಮದುವೆಯಾದರೆ ಸೇವೆಯಿಂದ ತೆಗೆದುಹಾಕುತ್ತಾರೆ. ಅವರ ಮೊದಲ ತರಬೇತಿ ಒಡಿಶಾದ ಚಿಲಿಕಾ ಸರೋವರದ ದಡದಲ್ಲಿರುವ ಐಎನ್‌ಎಸ್ ಚಿಲ್ಕಾ ತರಬೇತಿ ಕೇಂದ್ರದಲ್ಲಿ ನಡೆಯುತ್ತದೆ. ಅದು ವಸತಿ ಸಹಿತ ತರಬೇತಿ. ನಾಲ್ಕು ವರ್ಷಗಳ ನಂತರ ಪ್ರತಿ ತಂಡದಲ್ಲಿ ಗರಿಷ್ಠ ಶೇ 25ರಷ್ಟು ಮಂದಿಯನ್ನು ಮಾತ್ರ ಖಾಯಂ ಸೇವೆಗೆ ತೆಗೆದುಕೊಳ್ಳಲಾಗುತ್ತದೆ. ಮಾತುಕತೆ ಮುಂದುವರಿಸುವುದಾದರೆ ಈ ಎರಡು ಸಂಗತಿಗಳನ್ನು ಎರಡೂ ಮನೆಯವರು ಎದುರುಬದುರು ಕುಳಿತು ಮಾತನಾಡಿಕೊಳ್ಳಲಿ. ಗುಟ್ಟಾಗಿ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ, ನೋಂದಣಿಯನ್ನು ಮುಂದೆ ನೋಡಿಕೊಳ್ಳೋಣ ಎಂಬ ಸಲಹೆಯನ್ನು ಯಾರೇ ಕೊಟ್ಟರೂ ಕೇಳಬೇಡಿ. ಹುಡುಗನ ಅನ್ನಕ್ಕೆ ಕಲ್ಲು ಹಾಕಿದಂತಾಗುತ್ತದೆ.

ಮದುವೆಯಾಗಿ ಆರು ವರ್ಷ ಆಯ್ತು ಅಕ್ಕಾ, ಈಗ ಮತ್ತೆಂಥ ಟ್ರೈನಿಂಗ್?

ನಾವಿಕನ ಕಲಿಕೆ ಚಿಲ್ಕಾದಲ್ಲಿ ಮುಗಿಯುವುದಿಲ್ಲ. ಬಡ್ತಿಯ ಹಂತಗಳಲ್ಲಿ, ಹೊಸ ಯಂತ್ರ ಅಥವಾ ಆಯುಧ ಬಂದಾಗ, ಕೆಲಸದ ಶಾಖೆಯಲ್ಲಿ ಮೇಲಿನ ಅರ್ಹತೆ ಬೇಕಾದಾಗ ಮತ್ತೆ ಮತ್ತೆ ಕೋರ್ಸ್ ಬರುತ್ತದೆ. ಯಾವ ಊರು ಎಂಬುದನ್ನು ಶಾಖೆಯೇ ನಿರ್ಧರಿಸುತ್ತದೆ. ವಿದ್ಯುತ್ ಶಾಖೆಯವರು ಗುಜರಾತಿನ ಜಾಮ್‌ನಗರದ ಐಎನ್‌ಎಸ್ ವಲ್ಸುರಾಕ್ಕೆ, ಎಂಜಿನ್ ವಿಭಾಗದವರು ಮಹಾರಾಷ್ಟ್ರದ ಲೋನಾವಳದ ಐಎನ್‌ಎಸ್ ಶಿವಾಜಿಗೆ, ತೋಪು ಮತ್ತು ಕ್ಷಿಪಣಿಯವರು ಕೊಚ್ಚಿಯ ಐಎನ್‌ಎಸ್ ದ್ರೋಣಾಚಾರ್ಯಕ್ಕೆ, ಸರಬರಾಜು ವಿಭಾಗದವರು ಮುಂಬೈಯ ಮಲಾಡಿನ ಐಎನ್‌ಎಸ್ ಹಮ್ಲಾಕ್ಕೆ, ಜಲಾಂತರ್ಗಾಮಿಗೆ ಆಯ್ಕೆಯಾದವರು ವಿಶಾಖಪಟ್ಟಣದ ಐಎನ್‌ಎಸ್ ಸಾತವಾಹನಕ್ಕೆ ಹೋಗುತ್ತಾರೆ. ಕೊಯಮತ್ತೂರಿನ ಐಎನ್‌ಎಸ್ ಅಗ್ರಣಿಯಲ್ಲಿ ನಾಯಕತ್ವದ ತರಬೇತಿ ಕೊಡುತ್ತಾರೆ. ಕೆಲವು ಕೋರ್ಸುಗಳು ವಾರಗಳಲ್ಲಿ ಮುಗಿದರೆ, ಇನ್ನು ಕೆಲವು ಒಂದು ವರ್ಷವನ್ನೂ ದಾಟುತ್ತವೆ. "ಟ್ರೈನಿಂಗ್" ಎಂಬ ಒಂದೇ ಪದದಲ್ಲಿ ಇವೆಲ್ಲವೂ ಅಡಗಿರುವುದರಿಂದಲೇ ಗೊಂದಲ ಹುಟ್ಟುತ್ತದೆ. ಆದ್ದರಿಂದ ಗಂಡನನ್ನು ಮೊದಲು ಮೂರು ಮಾತು ಕೇಳಿ: ಯಾವ ಊರು, ಎಷ್ಟು ವಾರ, ಮುಗಿದ ಮೇಲೆ ಎಲ್ಲಿಗೆ.

ಎಷ್ಟು ತಿಂಗಳ ಕೋರ್ಸ್ ಆದರೆ ಮನೆ ಎತ್ತಬೇಕು?

ಇದಕ್ಕೆ ಸರ್ಕಾರಿ ಉತ್ತರವೊಂದಿಲ್ಲ, ನನ್ನ ಉತ್ತರವಿದೆ. ಮೂರು ತಿಂಗಳೊಳಗಿನದಾದರೆ ಮನೆ ಎತ್ತಬೇಡಿ. ಮಕ್ಕಳ ರಜೆಯಲ್ಲಿ ಹೋಗಿ ಹತ್ತು ದಿನ ಇದ್ದು ಬನ್ನಿ. ಒಂಬತ್ತು ತಿಂಗಳು ಮೀರಿದ್ದಾದರೆ, ಬಲವಾದ ಅಡ್ಡಿಯೊಂದು ಇಲ್ಲದಿದ್ದರೆ, ಹೋಗಿ. ಕಷ್ಟವೆಲ್ಲ ಇರುವುದು ನಡುವಿನ ನಾಲ್ಕರಿಂದ ಎಂಟು ತಿಂಗಳ ಕೋರ್ಸುಗಳಲ್ಲಿ.

ಅಲ್ಲಿ ಬಹಳ ಮಂದಿ ಲೆಕ್ಕ ತಪ್ಪುವುದು ಒಂದೇ ಕಡೆ. ಅವರು ಒಂದು ಸ್ಥಳಾಂತರವನ್ನು ಮಾತ್ರ ಎಣಿಸುತ್ತಾರೆ. ತರಬೇತಿಯ ಊರಿಗೆ ಹೋಗುವುದೆಂದರೆ ಎರಡು ಸ್ಥಳಾಂತರ, ಏಕೆಂದರೆ ಅಲ್ಲಿಂದ ಏಳಲೇಬೇಕು. ಆರು ತಿಂಗಳ ಕೋರ್ಸ್ ಎಂದರೆ ಮನೆ ಹುಡುಕಿ, ಗ್ಯಾಸ್ ಸಂಪರ್ಕ ಬದಲಿಸಿ, ಮಗುವಿಗೆ ಶಾಲೆ ಹುಡುಕಿ ಹೊಂದಿಕೊಳ್ಳುವಷ್ಟರಲ್ಲಿ ಎರಡು ತಿಂಗಳು. ಮುಂದಿನ ಊರಿನ ಆದೇಶ ಬಂದ ಮೇಲೆ ಕಟ್ಟುವ ಗಡಿಬಿಡಿಯಲ್ಲಿ ಒಂದು ತಿಂಗಳು. ನೆಮ್ಮದಿಯಾಗಿ ಸಂಸಾರ ಮಾಡಲು ಉಳಿಯುವುದು ಮೂರು ತಿಂಗಳು. ಆ ಮೂರು ತಿಂಗಳು ನಿಮಗೆ ಅಷ್ಟು ಬೆಲೆಯುಳ್ಳದ್ದೇ ಎಂದು ಕೇಳಿಕೊಳ್ಳಿ. ಕೆಲವರಿಗೆ ಹೌದು, ಅದು ತಪ್ಪಲ್ಲ.

ನಾನು ಒಮ್ಮೆ ಹೀಗೆ ಲೆಕ್ಕ ಹಾಕದೆ ಅಕ್ಟೋಬರಿನಲ್ಲಿ ಜಾಮ್‌ನಗರಕ್ಕೆ ಹೋದೆ. ಫೆಬ್ರವರಿ ಕೊನೆಗೆ ವಿಶಾಖಪಟ್ಟಣದ ಆದೇಶ ಬಂತು. ಮಗ ಎರಡನೇ ತರಗತಿಯನ್ನು ಮೂರು ಶಾಲೆಗಳಲ್ಲಿ ಓದಿದ. ಮೂರನೆಯ ಶಾಲೆಯಲ್ಲಿ ಅವನು ಎರಡು ವಾರ ಯಾರೊಡನೆಯೂ ಮಾತನಾಡಲಿಲ್ಲ ಎಂಬುದು ನನಗೆ ತಿಳಿದದ್ದು ಶಿಕ್ಷಕಿ ಕರೆದು ಹೇಳಿದಾಗ.

ಹಡಗಿನಲ್ಲಿದ್ದಾಗ ಅವರು ಕೈಗೇ ಸಿಗಲ್ಲ. ಕೋರ್ಸಿನಲ್ಲಾದರೂ ಜೊತೆಗಿರೋಣ ಅಂದರೆ ತಪ್ಪಾ?

ಖಂಡಿತ ತಪ್ಪಲ್ಲ. ಈ ಪ್ರಶ್ನೆ ಕೇಳುವವಳೇ ವಿಷಯವನ್ನು ಸರಿಯಾಗಿ ಹಿಡಿದಿದ್ದಾಳೆ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ. ಹಡಗಿನ ಪೋಸ್ಟಿಂಗ್‌ನಲ್ಲಿ ಮುಂಬೈಯಲ್ಲೋ ಕಾರವಾರದಲ್ಲೋ ಕ್ವಾರ್ಟರ್ಸ್ ಸಿಕ್ಕಿ ಸಂಸಾರ ಹೂಡಿದರೂ ಗಂಡ ಸಮುದ್ರದಲ್ಲಿರುತ್ತಾನೆ. ಇಂದು ಬರುತ್ತಾನೆ ಎಂದು ಅಡುಗೆ ಮಾಡಿಟ್ಟರೆ ಹಡಗು ಬರುವುದು ಮುಂದಿನ ವಾರ. ಕೋರ್ಸಿನಲ್ಲಿ ಹಾಗಲ್ಲ. ಬೆಳಿಗ್ಗೆ ಹೋಗಿ ಸಂಜೆ ತರಗತಿ ಮುಗಿಸಿ ಬರುವ, ಭಾನುವಾರವನ್ನು ಭಾನುವಾರವೆಂದು ನಂಬಬಹುದಾದ ಅವಧಿ ಅದು. ಹಡಗಿನಲ್ಲಿ ಮನೆಯಿದ್ದರೂ ಗಂಡನಿಲ್ಲ, ಕೋರ್ಸಿನಲ್ಲಿ ಗಂಡನಿದ್ದರೂ ಮನೆಯಿಲ್ಲ. ನೌಕಾಪಡೆಯ ಸಂಸಾರದ ತೊಡಕೆಲ್ಲ ಇಷ್ಟರಲ್ಲಿದೆ.

ಕೊಚ್ಚಿಯ ದೀರ್ಘ ಕೋರ್ಸಿಗೆ ನಾವು ಒಟ್ಟಿಗೆ ಹೋದೆವು. ಮಗಳಿಗೆ ಆಗ ಐದು ವರ್ಷ. ತಂದೆ ಹಿಂದಿನಿಂದ ಸೈಕಲ್ ಹಿಡಿದು ಓಡಿದ್ದು ಆ ವರ್ಷವೇ, ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಮಗು ಐದರೊಳಗಿದ್ದು, ಕೋರ್ಸ್ ದೀರ್ಘವಾಗಿದ್ದು, ಮುಂದಿನ ಪೋಸ್ಟಿಂಗ್ ಹಡಗು ಎಂದು ತಿಳಿದಿದ್ದರೆ, ನಾನು ಹೋಗಿ ಎಂದೇ ಹೇಳುತ್ತೇನೆ.

## ಮನೆ, ಹಣ, ಕಾಗದಪತ್ರ

ಕೋರ್ಸಿಗೆ ಹೋದವರಿಗೆ ಕ್ವಾರ್ಟರ್ಸ್ ಕೊಡ್ತಾರಾ?

ಸುಲಭವಾಗಿ ಸಿಗುವುದಿಲ್ಲವೆಂದೇ ಭಾವಿಸಿ ಯೋಜನೆ ಹಾಕಿ. ಕುಟುಂಬದ ಕ್ವಾರ್ಟರ್ಸ್‌ಗೆ ಎಲ್ಲ ನೌಕಾ ಕೇಂದ್ರಗಳಲ್ಲೂ ಕಾಯುವವರ ಪಟ್ಟಿ ಇರುತ್ತದೆ, ಮತ್ತು ಅಲ್ಲಿಗೇ ಪೋಸ್ಟಿಂಗ್ ಆಗಿ ಬಂದವರ ಎದುರು ಕೆಲವು ತಿಂಗಳಿಗೆ ಬಂದ ತರಬೇತಿಯವರ ಸರದಿ ಹಿಂದೆ ಬೀಳುತ್ತದೆ. ನಿಮ್ಮ ಸರದಿ ಬರುವಷ್ಟರಲ್ಲಿ ಕೋರ್ಸ್ ಮುಗಿದಿರಬಹುದು. ಹಾಗಾಗಿ ಹೊರಗೆ ಬಾಡಿಗೆ ಮನೆ ಹಿಡಿಯಬೇಕಾಗುತ್ತದೆ, ಅದಕ್ಕೂ ಮೊದಲು ಅವರು ಮೆಸ್ (ಕೇಂದ್ರದೊಳಗೆ ನಾವಿಕರು ಉಳಿದು ಉಣ್ಣುವ ಜಾಗ) ಬಿಟ್ಟು ಹೊರಗೆ ವಾಸಿಸಲು ತರಬೇತಿ ಕೇಂದ್ರದ ಲಿಖಿತ ಅನುಮತಿ ಬೇಕು. ಆರಂಭದ ವಾರಗಳಲ್ಲಿ ಈ ಅನುಮತಿ ಸಿಗದೇ ಹೋಗಬಹುದು. ಅನುಮತಿ ಕೈಗೆ ಬರುವ ಮೊದಲು ಮನೆಗೆ ಮುಂಗಡ ಕೊಡಬೇಡಿ. ಹೊಸ ಊರಿನಲ್ಲಿ ನೀವೊಬ್ಬರೇ ಬಾಡಿಗೆ ಮನೆಯಲ್ಲಿ, ಅವರು ಎರಡು ಕಿಲೋಮೀಟರ್ ಆಚೆ ಮೆಸ್ಸಿನಲ್ಲಿ, ಹೀಗೆ ತಿಂಗಳುಗಟ್ಟಲೆ ಕಳೆದವರನ್ನು ನಾನು ಬಲ್ಲೆ.

ಈಗಿರೋ ಕ್ವಾರ್ಟರ್ಸ್ ಬಿಡಲೇಬೇಕಾ?

ಹಿಂದಿನ ಊರಿನ ಕ್ವಾರ್ಟರ್ಸ್ ಉಳಿಸಿಕೊಳ್ಳಲು ಅನುಮತಿ ಕೇಳಬಹುದು. ಸಿಗುವುದೂ ಬಿಡುವುದೂ ಆದೇಶದ ಸ್ವರೂಪ ಮತ್ತು ಅಲ್ಲಿನ ಪಟ್ಟಿಯ ಮೇಲೆ ನಿಂತಿದೆ. ಬಾಯಿಮಾತಿನ "ಇರಿ, ನೋಡೋಣ" ಎಂಬುದನ್ನು ನಂಬಿ ಕುಳಿತುಕೊಳ್ಳಬೇಡಿ. ಅನುಮತಿಯ ಅವಧಿ ಮೀರಿ ಉಳಿದರೆ ಡ್ಯಾಮೇಜ್ ರೆಂಟ್ ಬೀಳುತ್ತದೆ, ಅದು ಸಾಮಾನ್ಯ ಬಾಡಿಗೆಗಿಂತ ಬಹಳ ಹೆಚ್ಚು, ಮತ್ತು ಸಂಬಳದಲ್ಲೇ ಕಡಿತವಾಗುತ್ತದೆ.

ಸಾಮಾನು ಸಾಗಿಸೋ ಖರ್ಚು ಯಾರು ಕೊಡ್ತಾರೆ?

ಉತ್ತರ ಆದೇಶದ ಒಂದು ಪದದಲ್ಲಿದೆ: ಅದು ಶಾಶ್ವತ ವರ್ಗಾವಣೆಯೋ, ತಾತ್ಕಾಲಿಕ ಡ್ಯೂಟಿಯೋ. ಶಾಶ್ವತ ವರ್ಗಾವಣೆಯಾದರೆ ಕುಟುಂಬದ ಪ್ರಯಾಣ, ಸಾಮಾನು ಸಾಗಣೆಯ ಜೊತೆಗೆ, 7ನೇ ವೇತನ ಆಯೋಗದ ನಿಯಮದಂತೆ, ಮೂಲ ವೇತನದ ಶೇ 80ರಷ್ಟು ಸ್ಥಳಾಂತರ ಅನುದಾನವೂ ದೊರೆಯುತ್ತದೆ. ತಾತ್ಕಾಲಿಕ ಡ್ಯೂಟಿಯಾದರೆ ಪ್ರಯಾಣದ ಹಣ ಅವರೊಬ್ಬರಿಗೆ ಮಾತ್ರ. ನಿಮ್ಮ ಟಿಕೆಟ್, ಲಾರಿ ಬಾಡಿಗೆ, ಮುಂಗಡ ಎಲ್ಲವೂ ಕೈಯಿಂದಲೇ. ಆದೇಶದ ಪ್ರತಿಯನ್ನು ನೀವೇ ಓದಿ. ಇಂಗ್ಲಿಷ್ ಕಷ್ಟವೆನಿಸಿದರೆ ಓದಿಸಿ ಕೇಳಿ, ಅದರಲ್ಲಿ ಸಂಕೋಚ ಬೇಡ. ತಾತ್ಕಾಲಿಕ ಎಂದಿದ್ದರೆ ಫ್ರಿಜ್ಜು, ಮಂಚ, ಕಪಾಟುಗಳನ್ನು ಒಯ್ಯುವ ಯೋಚನೆಯನ್ನೇ ಬಿಡಿ. ಎರಡು ಟ್ರಂಕು, ಕುಕ್ಕರ್, ಮಿಕ್ಸಿ, ಹಾಸಿಗೆಯ ಸುರುಳಿ, ಮಕ್ಕಳ ಪುಸ್ತಕ, ಇಷ್ಟರಲ್ಲಿ ಆರು ತಿಂಗಳು ಸಂಸಾರ ಮಾಡಬಹುದು.

ನಾನು ಊರಲ್ಲೇ ಇದ್ದರೆ ಮನೆ ಬಾಡಿಗೆ ಭತ್ಯೆ ಹೋಗುತ್ತಾ?

ಹೋಗಲೇಬೇಕೆಂದಿಲ್ಲ. ಕುಟುಂಬವನ್ನು ಬೇರೆ ಊರಿನಲ್ಲಿ ಇರಿಸುವವರಿಗೂ ಭತ್ಯೆಯ ವ್ಯವಸ್ಥೆಯಿದೆ, ಆದರೆ ಅದು ತಾನಾಗಿ ಬರುವುದಿಲ್ಲ. ಎಲ್ಲಿ ವಾಸಿಸುತ್ತೀರಿ ಎಂಬುದನ್ನು ಘೋಷಿಸಿ, ಯೂನಿಟ್ಟಿನ ವೇತನ ವಿಭಾಗದಲ್ಲಿ ದಾಖಲಿಸಬೇಕು. ಊರಿನ ವರ್ಗದ ಮೇಲೆ ದರ ನಿಂತಿದೆ. 2024ರ ಜನವರಿಯಲ್ಲಿ ತುಟ್ಟಿಭತ್ಯೆ ಶೇ 50 ಮುಟ್ಟಿದ ಮೇಲೆ ಬೆಂಗಳೂರಿನಂಥ ಮೊದಲ ವರ್ಗದ ನಗರಕ್ಕೆ ಮೂಲ ವೇತನದ ಶೇ 30, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಮೈಸೂರು, ಮಂಗಳೂರಿನಂಥ ಎರಡನೇ ವರ್ಗಕ್ಕೆ ಶೇ 20, ಉಳಿದ ಊರುಗಳಿಗೆ ಶೇ 10 ಎಂದಾಯಿತು. ಮಕ್ಕಳ ಶಿಕ್ಷಣ ಭತ್ಯೆ ಮಾತ್ರ ಮಗು ಯಾವ ಊರಿನಲ್ಲಿ ಓದಿದರೂ ಒಂದೇ, ಆದ್ದರಿಂದ ಅದನ್ನು ಈ ತೀರ್ಮಾನದ ತಕ್ಕಡಿಯಲ್ಲಿ ಇಡುವ ಅಗತ್ಯವಿಲ್ಲ.

ಯಾವ ಕಾಗದ ನನ್ನ ಹತ್ತಿರ ಇರಲೇಬೇಕು?

ಹೋದರೂ ಉಳಿದರೂ ಮೊದಲು ಮದುವೆ ನೋಂದಣಿ ಪತ್ರ, ಮತ್ತು ನಿಮ್ಮ ಹೆಸರೂ ಮಕ್ಕಳ ಹೆಸರೂ ಅವರ ಸೇವಾ ದಾಖಲೆಯಲ್ಲಿ ಸೇರಿದೆ ಎಂಬುದಕ್ಕೆ ಆಧಾರ. ಡಿಪೆಂಡೆಂಟ್ ಕಾರ್ಡ್ (ಅವಲಂಬಿತರ ಗುರುತಿನ ಚೀಟಿ) ಇಲ್ಲದೆ ನೌಕಾ ಆಸ್ಪತ್ರೆಯ ಬಾಗಿಲಲ್ಲಿ ನಿಂತು ವಾದಿಸುವ ಪರಿಸ್ಥಿತಿ ಯಾರಿಗೂ ಬಾರದಿರಲಿ. ಆಧಾರ್‌ನಲ್ಲಿ ಒಂದು ಹೆಸರು, ದಾಖಲೆಯಲ್ಲಿ ಇನ್ನೊಂದು, ತಂದೆಯ ಹೆಸರಿನ ಬದಲು ಊರಿನ ಹೆಸರು, ಇಂಥ ವ್ಯತ್ಯಾಸಗಳು ನಮ್ಮ ಕಡೆ ಬಹಳ; ಅವನ್ನು ಕೋರ್ಸ್ ಆರಂಭವಾಗುವ ಮೊದಲೇ ಸರಿಪಡಿಸಿಕೊಳ್ಳಿ. ಜಂಟಿ ಬ್ಯಾಂಕ್ ಖಾತೆ ಇರಲಿ.

## ಮಕ್ಕಳ ಓದು

ಮಗು ಇನ್ನೂ ಎಲ್‌ಕೆಜಿ. ಶಾಲೆ ತಪ್ಪಿದರೆ ಏನಾದರೂ ಆಗುತ್ತಾ?

ಏನೂ ಆಗುವುದಿಲ್ಲ. ಈ ವಯಸ್ಸಿನಲ್ಲಿ ತಂದೆಯ ಜೊತೆ ಕಳೆದ ಎಂಟು ತಿಂಗಳು ಶಾಲೆಗಿಂತ ದೊಡ್ಡದು.

ವರ್ಷದ ಮಧ್ಯೆ ಕೇಂದ್ರೀಯ ವಿದ್ಯಾಲಯದಲ್ಲಿ ಸೀಟ್ ಸಿಗುತ್ತಾ?

ರಕ್ಷಣಾ ಸಿಬ್ಬಂದಿಯ ಮಕ್ಕಳು ಕೇಂದ್ರೀಯ ವಿದ್ಯಾಲಯದ ಮೊದಲ ಆದ್ಯತೆಯ ಗುಂಪಿಗೆ ಸೇರುತ್ತಾರೆ, ಮತ್ತು ಒಂದು ವಿದ್ಯಾಲಯದಿಂದ ಇನ್ನೊಂದಕ್ಕೆ ಪೋಷಕರ ವರ್ಗಾವಣೆಯ ಆಧಾರದಲ್ಲಿ ವರ್ಷದ ನಡುವೆಯೂ ಹೋಗಬಹುದು. ವಲ್ಸುರಾ, ಶಿವಾಜಿ, ಕೊಚ್ಚಿಯ ನೌಕಾನೆಲೆ, ಕಾರವಾರ, ಎಲ್ಲ ಕಡೆಯೂ ಕೇಂದ್ರೀಯ ವಿದ್ಯಾಲಯಗಳಿವೆ. ಪಾಠ ಒಂದೇ ಇರುವುದರಿಂದ ಮಗುವಿಗೆ ಆಘಾತ ಕಡಿಮೆ. ಆದರೆ "ವರ್ಗಾವಣೆ" ಎಂಬ ಪದವನ್ನು ಗಮನಿಸಿ. ತಾತ್ಕಾಲಿಕ ಡ್ಯೂಟಿಯ ಆದೇಶವನ್ನು ಹಿಡಿದು ಹೋದರೆ ಪ್ರಾಂಶುಪಾಲರು ಒಪ್ಪದಿರಬಹುದು. ಈಗಿನ ಶಾಲೆಯಿಂದ ವರ್ಗಾವಣೆ ಪತ್ರ ತೆಗೆಯುವ ಮೊದಲು ಆ ಶಾಲೆಗೆ ಪತ್ರ ಬರೆದು ಉತ್ತರ ಪಡೆಯಿರಿ. ಊರಿನ ರಾಜ್ಯ ಪಠ್ಯಕ್ರಮದ ಕನ್ನಡ ಮಾಧ್ಯಮದಿಂದ ನೇರವಾಗಿ ಅಲ್ಲಿಗೆ ಸೇರಿಸುವುದು ಬೇರೆಯೇ ಮಾತು. ಹಿಂದಿ, ಇಂಗ್ಲಿಷ್ ಎರಡೂ ಒಮ್ಮೆಲೇ ಮೈಮೇಲೆ ಬಿದ್ದಾಗ ಜಾಣ ಮಗುವೂ ದಡ್ಡನಂತೆ ಕುಳಿತುಬಿಡುತ್ತದೆ. ಅಂಥ ಮಗುವನ್ನು ಆರು ತಿಂಗಳಿಗಾಗಿ ಕದಲಿಸಬೇಡಿ.

ದೊಡ್ಡವಳು ಒಂಬತ್ತನೇ ಕ್ಲಾಸು. ಅವಳನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಹೋಗಲಾ?

ಸಿಬಿಎಸ್‌ಇಯಲ್ಲಿ ಬೋರ್ಡ್ ಪರೀಕ್ಷೆಯ ನೋಂದಣಿ ಒಂಬತ್ತು ಮತ್ತು ಹನ್ನೊಂದನೇ ತರಗತಿಗಳಲ್ಲೇ ಆಗುತ್ತದೆ. ಹತ್ತು ಮತ್ತು ಹನ್ನೆರಡರಲ್ಲಿ ಶಾಲೆ ಬದಲಿಸಲು ತಕ್ಕ ಕಾರಣ ಮತ್ತು ದಾಖಲೆ ಬೇಕು. ಹಾಗಾಗಿ ಒಂಬತ್ತರಿಂದ ಹನ್ನೆರಡರವರೆಗಿನ ಮಕ್ಕಳಿರುವ ಮನೆ ಕೋರ್ಸಿಗಾಗಿ ಏಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಗಳನ್ನು ಬಿಟ್ಟು ಚಿಕ್ಕವನನ್ನು ಕರೆದುಕೊಂಡು ಹೋಗುವ ಬಗ್ಗೆ ಹೇಳುವುದಾದರೆ, ಅಜ್ಜಿ ಎಷ್ಟೇ ಪ್ರೀತಿಯವರಾದರೂ, ಹದಿನಾಲ್ಕರ ಹುಡುಗಿಗೆ ತಾಯಿಯ ಅಗತ್ಯ ಐದರ ಮಗುವಿಗಿಂತ ಕಡಿಮೆಯಲ್ಲ. ಅವಳು "ಹೋಗಮ್ಮ, ನಾನು ಇರ್ತೀನಿ" ಎಂದರೂ ಒಂದು ರಾತ್ರಿ ಅವಳ ಪಕ್ಕ ಮಲಗಿ ಮತ್ತೆ ಕೇಳಿ.

ಹೊರಗೆ ಓದಿದರೆ ಮಕ್ಕಳ ಕನ್ನಡ ಹೋಗುತ್ತೆ, ಸಿಇಟಿಗೂ ತೊಂದರೆ ಅಂತಾರೆ. ನಿಜವಾ?

ಮಾತು ಉಳಿಯುತ್ತದೆ, ಓದುಬರಹ ಹೋಗುತ್ತದೆ. ನನ್ನ ಮಗ ಹನ್ನೆರಡನೇ ವಯಸ್ಸಿನಲ್ಲಿ ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದಬೇಕಾಗಿ ಬಂದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ನಂತರ ರಾಜ್ಯದ ಶಾಲೆಗಳಲ್ಲಿ ಕನ್ನಡ ಒಂದು ವಿಷಯವಾಗಿ ಕಡ್ಡಾಯವಾಗುತ್ತ ಬಂದಿರುವುದರಿಂದ, ಮರಳಿ ಬಂದು ಸೇರುವ ಮಗುವಿಗೆ ಇದು ಮನೆಯ ಪ್ರೀತಿಯ ವಿಷಯ ಮಾತ್ರವಲ್ಲ, ಅಂಕದ ವಿಷಯವೂ ಹೌದು. ಟ್ರಂಕಿನಲ್ಲಿ ಆಯಾ ತರಗತಿಯ ಕನ್ನಡ ಪಠ್ಯಪುಸ್ತಕ ಹಾಕಿಕೊಂಡು ಹೋಗಿ. ದಿನಕ್ಕೊಂದು ಪುಟ ಉಕ್ತಲೇಖನ ಬರೆಸಿದರೆ ಸಾಕು.

ಸಿಇಟಿಯ ಭಯ ಅರ್ಧ ನಿಜ. ಕರ್ನಾಟಕದಲ್ಲಿ 7 ವರ್ಷ ಓದಿರಬೇಕು ಎಂಬುದು ಸಾಮಾನ್ಯ ನಿಯಮವಾದರೂ, ಪರೀಕ್ಷಾ ಪ್ರಾಧಿಕಾರದ ಅರ್ಹತಾ ಕಲಮುಗಳಲ್ಲಿ ರಕ್ಷಣಾ ಸಿಬ್ಬಂದಿಯ ಮಕ್ಕಳಿಗೆ ಪ್ರತ್ಯೇಕ ಅವಕಾಶಗಳಿವೆ. ಅವು ಸೇವೆಗೆ ಸೇರುವಾಗ ಘೋಷಿಸಿದ ಸ್ವಂತ ಊರನ್ನು ಆಧರಿಸುವುದರಿಂದ, ನಿಮ್ಮ ಯಜಮಾನರ ದಾಖಲೆಯಲ್ಲಿ ಕರ್ನಾಟಕದ ಊರೇ ಇದೆಯೇ ಎಂದು ಈಗಲೇ ನೋಡಿಕೊಳ್ಳಿ.

## ಆರೋಗ್ಯ, ಉದ್ಯೋಗ, ಮನೆಮಂದಿ

ನನಗೀಗ ನಾಲ್ಕು ತಿಂಗಳು. ಅವರ ಜೊತೆ ಹೋಗಲಾ, ತವರಿಗೆ ಹೋಗಲಾ?

ಕೊಚ್ಚಿಯಲ್ಲಿ ಐಎನ್‌ಎಚ್‌ಎಸ್ ಸಂಜೀವನಿ, ವಿಶಾಖಪಟ್ಟಣದಲ್ಲಿ ಕಲ್ಯಾಣಿ, ಮುಂಬೈಯಲ್ಲಿ ಅಶ್ವಿನಿ, ಲೋನಾವಳದಲ್ಲಿ ಕಸ್ತೂರಿ, ಕಾರವಾರದಲ್ಲಿ ಪತಂಜಲಿ ಎಂಬ ನೌಕಾ ಆಸ್ಪತ್ರೆಗಳಿವೆ. ಜಾಮ್‌ನಗರದಲ್ಲಿ ಮಿಲಿಟರಿ ಆಸ್ಪತ್ರೆಯಿದೆ. ಹೆಚ್ಚಿನವರಿಗೆ ತಿಳಿಯದ ಸಂಗತಿಯೆಂದರೆ, ನೌಕಾಪಡೆಯವರ ಹೆಂಡತಿಗೆ ಸೇನೆಯ ಮತ್ತು ವಾಯುಪಡೆಯ ಆಸ್ಪತ್ರೆಗಳಲ್ಲೂ ಚಿಕಿತ್ಸೆಯ ಹಕ್ಕಿದೆ. ಆದ್ದರಿಂದ ತವರು ಧಾರವಾಡದ ಕಡೆಯಾದರೆ ಬೆಳಗಾವಿಯ ಮಿಲಿಟರಿ ಆಸ್ಪತ್ರೆ, ಬೆಂಗಳೂರಿನ ಕಡೆಯಾದರೆ ವಾಯುಪಡೆಯ ಕಮಾಂಡ್ ಆಸ್ಪತ್ರೆ ನಿಮ್ಮದೇ ಎಂದು ತಿಳಿಯಿರಿ.

ನನ್ನ ಅಭಿಪ್ರಾಯದಲ್ಲಿ, ಮೊದಲ ಬಸಿರಾದರೆ ತವರೇ ಸರಿ. ಕೋರ್ಸಿನಲ್ಲಿರುವ ಗಂಡನಿಗೆ ರಜೆ ಕೋರ್ಸಿನ ವೇಳಾಪಟ್ಟಿಯಂತೆ ಸಿಗುತ್ತದೆಯೇ ಹೊರತು ಹೆರಿಗೆಯ ದಿನದಂತೆ ಅಲ್ಲ. ಪರೀಕ್ಷೆಯ ವಾರದಲ್ಲಿ ನೋವು ಬಂದರೆ ಭಾಷೆ ಬಾರದ ಊರಿನಲ್ಲಿ ಬಾಗಿಲು ತಟ್ಟಲು ನೆರೆಯವರೂ ಹೊಸಬರು. ಹೋಗಲೇಬೇಕೆಂದಿದ್ದರೆ ನಡುವಿನ ಮೂರು ತಿಂಗಳು ವೈದ್ಯರನ್ನು ಕೇಳಿಕೊಂಡು ಹೋಗಿ ಬನ್ನಿ, ತಾಯಿ ಕಾರ್ಡ್ ಮತ್ತು ಸ್ಕ್ಯಾನಿಂಗ್ ವರದಿಗಳ ಎರಡು ಪ್ರತಿ ಜೊತೆಯಲ್ಲಿರಲಿ.

ನಾನು ಸರ್ಕಾರಿ ಶಾಲೆ ಟೀಚರ್. ರಜೆ ಹಾಕಿ ಹೋಗಲಾ ಮೇಡಂ?

ಒಂದು ಕೋರ್ಸಿಗಾಗಿ ವೇತನರಹಿತ ರಜೆ ಹಾಕಬೇಡಿ. ರಾಜ್ಯ ಸರ್ಕಾರದ ಶಿಕ್ಷಕಿಗೆ ವರ್ಗಾವಣೆ ಸಾಧ್ಯವಿರುವುದು ಕರ್ನಾಟಕದೊಳಗೆ ಮಾತ್ರ. ಅದನ್ನು ಒಂದು ದಿನ ಬರಬಹುದಾದ ಕಾರವಾರದ ಪೋಸ್ಟಿಂಗ್‌ಗಾಗಿ ಕಾಯ್ದಿಡಿ. 2005ರಲ್ಲಿ ಕಾರವಾರದ ಬಳಿಯ ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಆರಂಭವಾದ ಮೇಲೆ ಕನ್ನಡದ ನಾವಿಕರಿಗೆ ತಮ್ಮ ರಾಜ್ಯದಲ್ಲೇ ಸೇವೆ ಮಾಡುವ ದಾರಿ ತೆರೆದಿದೆ, ಆ ನೆಲೆಯನ್ನು ಕಟ್ಟುವ ಸೀಬರ್ಡ್ ಯೋಜನೆಯ ಎರಡನೇ ಹಂತದಲ್ಲಿ ಅಲ್ಲಿ ವಸತಿಯೂ ಬೆಳೆಯುತ್ತಿದೆ. ಕೇಂದ್ರ ಸರ್ಕಾರದ ನೌಕರಿಯಾದರೆ ಗಂಡ ಹೆಂಡತಿಯನ್ನು ಸಾಧ್ಯವಾದಷ್ಟು ಒಂದೇ ಊರಿನಲ್ಲಿ ಇರಿಸಬೇಕೆಂಬ 2009ರ ಸೂಚನೆಯಿದೆ. ಆದರೂ ಅದನ್ನು ದೀರ್ಘ ಪೋಸ್ಟಿಂಗ್‌ಗೆ ಬಳಸುವುದೇ ಜಾಣತನ. ಬೇಸಿಗೆ ರಜೆ, ದಸರಾ ರಜೆಗಳು ಶಿಕ್ಷಕಿಗೆ ಇರುವ ಭಾಗ್ಯ. ಎರ್ನಾಕುಲಂ–ಓಖಾ ರೈಲು ಕಾರವಾರದ ಮೇಲೆ ಹಾದು ಜಾಮ್‌ನಗರಕ್ಕೆ ಹೋಗುತ್ತದೆ, ಗಾಡಿ ಬದಲಿಸುವ ಗೊಡವೆಯಿಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆ, ಒಬ್ಬರೇ ಇರ್ತಾರೆ. ನಾನು ಹೊರಟರೆ ಊರವರು ಏನಂತಾರೋ?

ಊರವರ ಮಾತನ್ನು ಬದಿಗಿಟ್ಟು ಅತ್ತೆಯವರ ಮಾತನ್ನೇ ನೇರವಾಗಿ ಕೇಳಿ. ಮಗ ಸೊಸೆ ಒಟ್ಟಿಗಿರಲಿ ಎಂದು ಮನಸ್ಸಿನಲ್ಲಿದ್ದರೂ ಹೇಳಲಾರದ ಹಿರಿಯರನ್ನು ನಾನು ಕಂಡಿದ್ದೇನೆ. ಹೋಗು ಎಂದು ಬಾಯಲ್ಲಿ ಹೇಳಿ ರಾತ್ರಿ ಇನ್ಸುಲಿನ್ ತಪ್ಪಿಸಿದವರನ್ನೂ ಕಂಡಿದ್ದೇನೆ. ಹಿರಿಯರ ಆರೈಕೆಯ ಹೊಣೆ ಗಂಡನ ಅಣ್ಣತಮ್ಮಂದಿರು, ಅಕ್ಕತಂಗಿಯರದೂ ಆಗಿದೆ. ಕೋರ್ಸಿನ ಅವಧಿಗೆ ತಾರೀಖು ಇರುವುದರಿಂದ, "ಜನವರಿಯಿಂದ ಜೂನ್‌ವರೆಗೆ ನೀವು ನೋಡಿಕೊಳ್ಳಿ" ಎಂದು ಕೇಳುವುದು ಸುಲಭ. ಅತ್ತೆಯವರನ್ನೇ ಜೊತೆಗೆ ಕರೆದೊಯ್ಯುವವರು ಹವಾಮಾನ ವಿಚಾರಿಸಿ. ಲೋನಾವಳದ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಬಟ್ಟೆಗೆ ಬೂಸಲು ಹಿಡಿಯುತ್ತದೆ, ಉಬ್ಬಸ ಇರುವವರಿಗೆ ಅದು ಆಗಿಬರುವುದಿಲ್ಲ.

ಅವರೇ "ಬರಬೇಡ" ಅಂತಿದ್ದಾರೆ. ನನಗೆ ತುಂಬಾ ನೋವಾಗಿದೆ ಅಕ್ಕಾ.

ಆ ಮಾತನ್ನು ಪ್ರೀತಿಯ ಕೊರತೆ ಎಂದು ಓದಬೇಡಿ. ಕೋರ್ಸಿನಲ್ಲಿರುವವರು ಮತ್ತೆ ವಿದ್ಯಾರ್ಥಿಗಳಾಗಿರುತ್ತಾರೆ: ವಾರವಾರ ಪರೀಕ್ಷೆ, ರಾತ್ರಿ ಓದು, ನಡುವೆ ಡ್ಯೂಟಿ, ಅಂಕ ಕಡಿಮೆಯಾದರೆ ಬಡ್ತಿಗೆ ಪೆಟ್ಟು. ಮೆಸ್ಸಿನಲ್ಲಿ ಜೊತೆಗಾರರೊಡನೆ ಕುಳಿತು ಓದುವುದು ಎಷ್ಟೋ ಮಂದಿಗೆ ಪಾಸಾಗುವ ಒಂದೇ ದಾರಿ. ಹತ್ತು ವರ್ಷಗಳ ನಂತರ ಪುಸ್ತಕ ಹಿಡಿದ ಗಂಡಸು ಹೆಂಡತಿಯ ಎದುರು ಸೋಲುವುದಕ್ಕೆ ಅಂಜುತ್ತಾನೆ, ಅದನ್ನು ಹೇಳಿಕೊಳ್ಳುವುದಿಲ್ಲ. "ಯಾಕೆ ಬೇಡ" ಎಂದು ಜಗಳವಾಡುವ ಬದಲು "ಯಾವ ತಿಂಗಳು ಕಷ್ಟ, ಯಾವ ತಿಂಗಳು ಹಗುರ" ಎಂದು ಕೇಳಿ ನೋಡಿ. ಕೊನೆಯ ಎರಡು ತಿಂಗಳಿಗೆ ಬಾ ಎಂಬ ಉತ್ತರ ಬರಬಹುದು. ಬೇಡ ಎನ್ನುವ ಮಾತಿನ ಹಿಂದೆ ಸಾಲವೋ, ಕುಡಿತವೋ ಇದೆ ಎಂಬ ಅನುಮಾನ ನಿಮಗಿದ್ದರೆ ಅದು ಕೋರ್ಸಿನ ಪ್ರಶ್ನೆಯಲ್ಲ. ಅಂಥ ಸಂದರ್ಭದಲ್ಲಿ ನೌಕಾಪಡೆಯ ಕುಟುಂಬಗಳ ಸಂಘ ಎನ್‌ಡಬ್ಲ್ಯೂಡಬ್ಲ್ಯೂಎಯ ಸ್ಥಳೀಯ ಘಟಕದ ಹಿರಿಯ ಮಹಿಳೆಯರೊಡನೆ ಮಾತನಾಡಿ.

## ಇನ್ನೂ ತೊಡಕಿನ ಪ್ರಶ್ನೆಗಳು

ಮುಂದಿನ ಪೋಸ್ಟಿಂಗ್ ಯಾವಾಗ ಗೊತ್ತಾಗುತ್ತೆ?

ನಾವಿಕರ ಪೋಸ್ಟಿಂಗ್‌ಗಳನ್ನು ಮುಂಬೈಯ ಮಾನ್‌ಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೇಲರ್ಸ್ ನಿರ್ಧರಿಸುತ್ತದೆ, ಆದೇಶ ಬಹಳ ಸಲ ಕೋರ್ಸಿನ ಕೊನೆಯ ಭಾಗದಲ್ಲಿ ಬರುತ್ತದೆ. ಕೋರ್ಸಿಗೆ ಮೊದಲೇ ಮುಂದಿನ ಊರು ತಿಳಿದಿದ್ದರೆ ನಾನು ಹೇಳುವ ದಾರಿ ಮೂರನೆಯದು: ಕೋರ್ಸಿನ ಊರನ್ನು ಬಿಟ್ಟು ನೇರವಾಗಿ ಮುಂದಿನ ಊರಿಗೇ, ಜೂನ್ ಅಥವಾ ಏಪ್ರಿಲ್‌ನಲ್ಲಿ ಶಾಲೆ ಆರಂಭವಾಗುವ ಹೊತ್ತಿಗೆ, ಮನೆ ಸಾಗಿಸುವುದು. ಕೆಲವು ತಿಂಗಳು ಗಂಡನಿಲ್ಲದೆ ಹೊಸ ಊರಿನಲ್ಲಿರುವುದು ಕಷ್ಟ, ಆದರೆ ಮಕ್ಕಳು ಒಂದೇ ಸಲ ಕದಲುತ್ತಾರೆ.

ಸಬ್‌ಮರೀನ್ ಕೋರ್ಸಿಗೆ ಆಯ್ಕೆಯಾಗಿದ್ದಾರೆ. ಅದರಲ್ಲಿ ಏನಾದರೂ ಬೇರೆಯಾ?

ಬೇರೆ. ಜಲಾಂತರ್ಗಾಮಿಗಳು ಮುಖ್ಯವಾಗಿ ನೆಲೆಸಿರುವುದು ವಿಶಾಖಪಟ್ಟಣ ಮತ್ತು ಮುಂಬೈಯಲ್ಲಿ. ತರಬೇತಿಯ ಸಾತವಾಹನವೂ ವಿಶಾಖಪಟ್ಟಣದಲ್ಲೇ ಇದೆ. ಕೋರ್ಸ್ ಮುಗಿದ ಮೇಲೆ ಹಡಗಿನ ಮೇಲಿನ ಕಲಿಕೆ, ಪರೀಕ್ಷೆ, ಆಮೇಲೆ ಜಲಾಂತರ್ಗಾಮಿ ನಾವಿಕನ ಗುರುತಾದ ಡಾಲ್ಫಿನ್ ಬ್ಯಾಡ್ಜ್. ಅಲ್ಲೇ ಪೋಸ್ಟಿಂಗ್ ಆಗುವ ಸಾಧ್ಯತೆ ಇರುವುದರಿಂದ ಕೋರ್ಸಿಗೇ ಸಂಸಾರ ಹೂಡುವುದಕ್ಕೆ ಅರ್ಥವಿದೆ. ಆದರೂ ಅವರು ಪಾಸಾಗಿ ಯಾವ ಜಲಾಂತರ್ಗಾಮಿ ಎಂದು ನಿಗದಿಯಾಗುವವರೆಗೆ ದೊಡ್ಡ ಸಾಮಾನು ಊರಿನಲ್ಲೇ ಇರಲಿ. ಈ ವೃತ್ತಿಯಲ್ಲಿ ಹೊರಡುವ ದಿನ, ಮರಳುವ ದಿನ ನಿಮಗೂ ತಿಳಿಯುವುದಿಲ್ಲ, ತಿಳಿದರೂ ತವರಿಗೆ ವಾಟ್ಸಾಪ್ ಮಾಡುವಂತಿಲ್ಲ. ಆ ಮೌನವನ್ನು ಅರಿತ ನೆರೆಯವರು ಬೇಕು, ಅವರು ಸಿಗುವುದು ನೌಕಾನೆಲೆಯಲ್ಲೇ.

ಹೊಸ ಹಡಗು ತರೋಕೆ ವಿದೇಶಕ್ಕೆ ಟ್ರೈನಿಂಗ್ ಹೋಗ್ತಾರಂತೆ. ನಾವೂ ಹೋಗಬಹುದಾ?

ಆ ಆಸೆ ಇಟ್ಟುಕೊಳ್ಳಬೇಡಿ. 2024ರ ಡಿಸೆಂಬರಿನಲ್ಲಿ ಐಎನ್‌ಎಸ್ ತುಶಿಲ್, 2025ರ ಜುಲೈಯಲ್ಲಿ ಐಎನ್‌ಎಸ್ ತಮಾಲ್ ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ ಸೇವೆಗೆ ಸೇರಿದವು. ಅವುಗಳ ಸಿಬ್ಬಂದಿ ಅಲ್ಲಿನ ಚಳಿಯಲ್ಲಿ ತಿಂಗಳುಗಟ್ಟಲೆ ತರಬೇತಿ ಪಡೆದು ಹಡಗನ್ನು ತಂದರು. ಹಡಗು ಕಟ್ಟುವ ವೇಳಾಪಟ್ಟಿ ಹಿಂದೆಮುಂದೆ ಆಗುತ್ತಲೇ ಇರುತ್ತದೆ, ಆರು ತಿಂಗಳು ಎಂದದ್ದು ವರ್ಷವಾಗಬಹುದು. ಅಂಥ ಅವಧಿಗೆ ತವರು ಅಥವಾ ಅತ್ತೆಯ ಮನೆ, ಹತ್ತಿರದ ಸೇನಾ ಆಸ್ಪತ್ರೆ, ಮಕ್ಕಳ ಒಂದೇ ಶಾಲೆ, ಈ ಮೂರನ್ನು ಗಟ್ಟಿ ಮಾಡಿಕೊಳ್ಳಿ.

ಬಂದುಬಿಟ್ಟೆವು. ಈಗ ತಪ್ಪಾಯ್ತು ಅನಿಸ್ತಿದೆ. ವಾಪಸ್ ಹೋಗಿಬಿಡಲಾ?

ಮಕ್ಕಳು ಶಾಲೆಗೆ ಸೇರಿದ್ದರೆ ಆ ವರ್ಷದ ಪರೀಕ್ಷೆ ಮುಗಿಯುವವರೆಗೆ ಏಳಬೇಡಿ. ತಪ್ಪನ್ನು ಸರಿಪಡಿಸಲು ಮಾಡುವ ಇನ್ನೊಂದು ಸ್ಥಳಾಂತರವೂ ಅವರ ತಲೆಯ ಮೇಲೆಯೇ ಬೀಳುತ್ತದೆ. ಮಕ್ಕಳಿಲ್ಲದಿದ್ದರೆ ಅಥವಾ ಬಹಳ ಚಿಕ್ಕವರಾಗಿದ್ದರೆ, ನಾಚಿಕೆಪಡದೆ ಮರಳಿ. ಮನೆ ಮಾಲೀಕರಿಗೆ ಬಿಡುವ ತಾರೀಖನ್ನು ಬರಹದಲ್ಲಿ ತಿಳಿಸಿ, ಮುಂಗಡ ಮರಳಿ ಬರುವವರೆಗೆ ಬೀಗದ ಕೈ ಕೊಡಬೇಡಿ. ಅವರು ಮೆಸ್ಸಿಗೆ ಮರಳಿದ್ದನ್ನು ಮತ್ತು ನಿಮ್ಮ ಹೊಸ ವಿಳಾಸವನ್ನು ವೇತನ ವಿಭಾಗಕ್ಕೆ ತಿಳಿಸದಿದ್ದರೆ ಮುಂದೆ ಭತ್ಯೆಯ ವಸೂಲಿ ಬರುತ್ತದೆ. ಪ್ರತಿ ಟ್ರಂಕಿನ ಮುಚ್ಚಳದ ಒಳಬದಿಗೆ ಅದರಲ್ಲಿ ಏನಿದೆ ಎಂಬ ಪಟ್ಟಿಯನ್ನು ಅಂಟಿಸಿ. ಮುಂದಿನ ಊರಿನಲ್ಲಿ ಮೊದಲ ರಾತ್ರಿ ಹಾಲು ಕಾಯಿಸುವ ಪಾತ್ರೆಗಾಗಿ ಎಲ್ಲವನ್ನೂ ಬಿಚ್ಚಿ ಹರಡುವುದು ತಪ್ಪುತ್ತದೆ.